ಬಾನಂಚಿನ ಬೆಳಕಿಗೊಂದು ಮಬ್ಬುಗಾಜು: ರಿವರ್ಸ್ ಗ್ರ್ಯಾಡ್ ಫಿಲ್ಟರಿನ ಬಗ್ಗೆ

ಸೂರ್ಯಾಸ್ತದ ಚಿತ್ರ ತೆಗೆಯುವವರಿಗೆ ಹಳೆಯದೊಂದು ತೊಡಕಿದೆ: ಆಕಾಶಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿದರೆ ನೆಲ ಕಪ್ಪಾಗುತ್ತದೆ, ನೆಲಕ್ಕೆ ಹೊಂದಿಸಿದರೆ ಆಕಾಶ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಇದಕ್ಕೆಂದೇ ನಾನು ಕೊಂಡದ್ದು 100 ಮಿ.ಮೀ. ಅಗಲ, 150 ಮಿ.ಮೀ. ಉದ್ದದ, 0.9 ಸಾಂದ್ರತೆಯ ಗಾಜಿನ ರಿವರ್ಸ್ ಗ್ರ್ಯಾಡ್ ಫಿಲ್ಟರು: ಲೆನ್ಸಿನ ಮುಂದೆ ಕೂರಿಸುವ, ಅರ್ಧ ಭಾಗವಷ್ಟೇ ಕಪ್ಪಾದ ಫಲಕ. ಒಂದು ವರ್ಷ ಬಳಸಿದ ಮೇಲೆ ಹೇಳುವುದಾದರೆ, ಬಯಲಿನಲ್ಲಿ ಇದು ಕೊಟ್ಟ ಹಣಕ್ಕೆ ಮೋಸ ಮಾಡಿಲ್ಲ. ಊರೊಳಗೆ ಮಾತ್ರ ಬಹುತೇಕ ಚೀಲದಲ್ಲೇ ಉಳಿದಿದೆ.

ಸಾಮಾನ್ಯ ಗ್ರ್ಯಾಡ್ ಫಿಲ್ಟರಿನಲ್ಲಿ ಮೇಲಂಚು ಅತಿ ಕಪ್ಪಾಗಿದ್ದು, ನಡುವಿಗೆ ಬರುತ್ತಾ ತಿಳಿಯಾಗುತ್ತದೆ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಆಕಾಶದಲ್ಲಿ ಹೆಚ್ಚು ಬೆಳಕಿರುವುದು ನೆತ್ತಿಯ ಮೇಲಲ್ಲ, ಬಾನಂಚಿನಲ್ಲಿ. ರಿವರ್ಸ್ ಗ್ರ್ಯಾಡಿನಲ್ಲಿ ನಡುಗೆರೆಯೇ ಅತಿ ದಟ್ಟ. ಅಲ್ಲಿ 0.9 ಸಾಂದ್ರತೆಯೆಂದರೆ ಮೂರು ಸ್ಟಾಪ್; ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುವುದರಿಂದ, ಎಂಟನೆಯ ಒಂದು ಪಾಲು ಬೆಳಕು ಮಾತ್ರ ಒಳಗೆ ಹೋಗುತ್ತದೆ. ಗೆರೆಯ ಕೆಳಗಿನ ಅರ್ಧ ಬರಿಯ ಗಾಜು. ಕ್ಯಾಮೆರಾದ ಪರದೆ ನೋಡುತ್ತಾ ಫಿಲ್ಟರನ್ನು ಹೋಲ್ಡರಿನಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗೆ ಸರಿಸಿದರೆ, ನೀರಿನಂಚಿನ ಮೇಲಿದ್ದ ಬಿಳಿಪಟ್ಟಿ ಒಮ್ಮೆಲೇ ಕಿತ್ತಳೆ ಬಣ್ಣಕ್ಕೆ ತಿರುಗುವ ಒಂದು ಹಂತ ಬರುತ್ತದೆ. ಅಲ್ಲಿ ನಿಲ್ಲಿಸಬೇಕು. ಈ ಹೊಂದಾಣಿಕೆಯನ್ನು ಮೊದಲೇ ಮುಗಿಸಿಕೊಳ್ಳುವುದು ಲೇಸು, ಏಕೆಂದರೆ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಸಮಭಾಜಕ ವೃತ್ತದ ಬಳಿ ಅದು ಅಂಚು ಮುಟ್ಟಿದ ಎರಡು ಚಿಲ್ಲರೆ ನಿಮಿಷಗಳಲ್ಲೇ ಪೂರ್ತಿ ಮುಳುಗಿಬಿಡುತ್ತದೆ.

ದೋಷಗಳೂ ಇವೆ. ಲೆನ್ಸಿನ ಮುಂದೆ ಇನ್ನೊಂದು ಗಾಜು ಬಂದಿತೆಂದರೆ ಪ್ರತಿಫಲನ ತಪ್ಪಿದ್ದಲ್ಲ. ನನ್ನ ಹಲವು ಚಿತ್ರಗಳಲ್ಲಿ ನೀರಿನ ಮೇಲೆ ಪೇಲವವಾದ ಎರಡನೆಯ ಸೂರ್ಯನೊಬ್ಬ ತೇಲುತ್ತಿದ್ದಾನೆ. ಬೆರಳಿನ ಗುರುತೊಂದು ಬಿದ್ದರೂ ಬಿಂಬದ ಸುತ್ತ ಮಂಜಿನಂಥ ವರ್ತುಲ ಏಳುತ್ತದೆ. ಫಿಲ್ಟರಿನಿಂದ ತುಸು ಕೆನ್ನೀಲಿ ಛಾಯೆಯೂ ಸೇರುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವ್ಯವಸ್ಥೆ) ಆಟೋದಲ್ಲಿದ್ದರೆ ಕ್ಯಾಮೆರಾ ಸಂಜೆಗೆಂಪನ್ನೇ ದೋಷವೆಂದು ಬಗೆದು ತಿದ್ದಲು ಹೊರಡುವುದರಿಂದ, ನಾನು ಅದನ್ನು ಹಗಲ ಬೆಳಕಿನ ಮಟ್ಟವಾದ 5500 ಕೆಲ್ವಿನ್‌ನಲ್ಲಿ ನಿಲ್ಲಿಸಿ, ಉಳಿದ ಛಾಯೆಯನ್ನು ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ಸರಿಪಡಿಸುತ್ತೇನೆ.

ಊರಿನ ಸಂಗತಿ ಬೇರೆ. ಕಡಲಂಚಿನಂತೆ ಮಟ್ಟಸವಾದ ಗೆರೆ ಅಲ್ಲಿಲ್ಲ; ಮಹಡಿಗಳು, ಮರದ ತಲೆಗಳು, ನೀರಿನ ಟ್ಯಾಂಕುಗಳು ಆಕಾಶದೊಳಗೆ ಚಾಚಿಕೊಂಡಿರುತ್ತವೆ, ಮತ್ತು ಫಿಲ್ಟರಿನ ಕಪ್ಪುಪಟ್ಟಿ ಅವುಗಳ ಕುತ್ತಿಗೆಯ ಮೇಲೆಯೇ ಬಂದು ಕೂರುತ್ತದೆ. ಅಂಥಲ್ಲಿ ಟ್ರೈಪಾಡ್ ಇಟ್ಟು, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆದು ಬೆರೆಸುವುದೇ ಮೇಲು. ಗಾಳಿಗೆ ಅಲುಗುವ ಎಲೆ ಆಗ ಕಾಟ ಕೊಡುತ್ತದೆ, ನಿಜ. ಆದರೂ ಅರ್ಧ ಕಪ್ಪಾದ ಗೋಪುರಕ್ಕಿಂತ ಅದು ವಾಸಿ.

ಸೂರ್ಯ ಮುಳುಗಿದ ಮೇಲಂತೂ ಫಿಲ್ಟರನ್ನು ತೆಗೆದುಬಿಡಬೇಕು. ಸೂರ್ಯ ಬಾನಂಚಿನಿಂದ 6 ಡಿಗ್ರಿ ಕೆಳಗಿಳಿಯುವಷ್ಟರಲ್ಲಿ ಆಕಾಶದ ಬೆಳಕು ಬೀದಿದೀಪಗಳ ಮಟ್ಟಕ್ಕೆ ಇಳಿದಿರುತ್ತದೆ. ಓಜೋನ್ ಪದರವು ಕಿತ್ತಳೆ, ಹಳದಿ ಕಿರಣಗಳನ್ನು ಹೀರುವುದರಿಂದ ನೀಲಿಯೂ ಗಾಢವಾಗುತ್ತದೆ. ಒಮ್ಮೆ ಮೈಮರೆತು ಫಿಲ್ಟರನ್ನು ಹಾಗೆಯೇ ಬಿಟ್ಟಿದ್ದೆ: ಬೀದಿಯ ಕೆಳಮಹಡಿಗಳ ಕಿಟಕಿಗಳೆಲ್ಲ ಹೊಳೆಯುತ್ತಿದ್ದವು, ಮೇಲ್ಮಹಡಿಗಳಲ್ಲಿ ಯಾರೂ ದೀಪವನ್ನೇ ಹಚ್ಚಿಲ್ಲವೇನೋ ಎಂಬಂತೆ ಚಿತ್ರ ಬಂದಿತ್ತು.