ಚಿಯಾಂಗ್ ಕೈ-ಶೇಕ್ ಸ್ಮಾರಕ ಭವನ, ತೈಪೆ: ಮಧ್ಯಾಹ್ನದ ಮೇಲೆ ಹೋಗಿ, ತ್ಸಿಹು ಬಿಡಬೇಡಿ

ಚೀನಾದ ಅಂತರ್ಯುದ್ಧದಲ್ಲಿ ಸೋತು ತೈವಾನ್‌ಗೆ ಬಂದು, ಸಾಯುವವರೆಗೂ ಅದನ್ನು ಆಳಿದ ಅಧ್ಯಕ್ಷ ಚಿಯಾಂಗ್ ಅವರ ಸ್ಮಾರಕ ಇದು; ತ್ಸಿಹು ಅವರ ಕಿತ್ತ ಮೂರ್ತಿಗಳನ್ನು ಇಟ್ಟಿರುವ ಉದ್ಯಾನ. ಮೊದಲು ಬೆಳಕಿನ ವಿಷಯ. ಭವನದ ಮುಖ ಪಶ್ಚಿಮಕ್ಕೆ, ಅಂದರೆ ಚೀನಾದ ಕಡೆಗೆ. ಬೆಳಿಗ್ಗೆ ಸೂರ್ಯ ಕಟ್ಟಡದ ಬೆನ್ನಿಗಿರುವುದರಿಂದ ಬಿಳಿ ಗೋಡೆ, ನೀಲಿ ಚಾವಣಿ ಎರಡೂ ಫೋಟೋದಲ್ಲಿ ಮಂಕು. ಮೂರು ಗಂಟೆಯ ಮೇಲೆ ಹೋಗಿ. ಮೆಟ್ರೋದಲ್ಲಿ ಕೆಂಪು ಅಥವಾ ಹಸಿರು ಮಾರ್ಗ ಹಿಡಿದು 5ನೇ ದ್ವಾರದಲ್ಲಿ ಹೊರಬನ್ನಿ. ಟಿಕೆಟ್ ಇಲ್ಲ; ಸಂಜೆ 6ಕ್ಕೆ ಬಾಗಿಲು ಹಾಕುತ್ತಾರೆ.

ಹೊರಗೆ 84 ಮೆಟ್ಟಿಲು, ಒಳಗೆ 5, ಒಟ್ಟು 89: ಚಿಯಾಂಗ್ ತೀರಿಕೊಂಡಾಗಿನ ವಯಸ್ಸಿನ ಲೆಕ್ಕ. ಚಿಯಾಂಗ್ ಹುಟ್ಟಿದ್ದು 1887ರ ಅಕ್ಟೋಬರ್‌ನಲ್ಲಿ, ತೀರಿಕೊಂಡದ್ದು 1975ರ ಏಪ್ರಿಲ್ 5ರಂದು. ನಮ್ಮ ಲೆಕ್ಕಕ್ಕೆ 87 ತುಂಬಿತ್ತು. ಹುಟ್ಟಿದ ವರ್ಷವನ್ನೇ ಒಂದು ಎಂದು ಎಣಿಸುವ ಚೀನೀ ಲೆಕ್ಕಕ್ಕೆ 89. ಮಂಡಿನೋವಿದ್ದವರು ಕೆಳಗಿನ ಪಕ್ಕದ ಬಾಗಿಲಿಂದ ಒಳಹೊಕ್ಕು ಲಿಫ್ಟ್ ಹಿಡಿಯಬಹುದು.

ಮೇಲೆ 6.3 ಮೀಟರ್ ಎತ್ತರದ ಕಂಚಿನ ಮೂರ್ತಿ. ಬೆನ್ನಹಿಂದಿನ ಗೋಡೆಯಲ್ಲಿ ನೀತಿ, ಪ್ರಜಾಪ್ರಭುತ್ವ, ವಿಜ್ಞಾನ ಎಂದು ಕೆತ್ತಿದ್ದಾರೆ. ಈ ಮನುಷ್ಯ ಆಳಿದಷ್ಟು ಕಾಲವೂ ತೈವಾನ್‌ನಲ್ಲಿ ಸೇನಾ ಕಾನೂನಿತ್ತು (1949ರಿಂದ 1987). 1960, 66, 72ರ ಚುನಾವಣೆಗಳಲ್ಲಿ ಎದುರಾಳಿಯೇ ಇರಲಿಲ್ಲ, ಮತ ಹಾಕಿದ್ದೂ ಜನರಲ್ಲ, ರಾಷ್ಟ್ರೀಯ ಸಭೆ. ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದ್ದು 1996ರಲ್ಲಿ. ಹಾಗಾಗಿ 1980ರಲ್ಲಿ ತೆರೆದ 70 ಮೀಟರ್ ಎತ್ತರದ ಈ ಕಟ್ಟಡವನ್ನು ಜನಪ್ರಿಯತೆಯ ಅಳತೆ ಅಂದುಕೊಂಡರೆ ಮೋಸಹೋಗುತ್ತೀರಿ. ಕೆಳಮಹಡಿಯಲ್ಲಿ ಜನ ಮುತ್ತಿಕೊಳ್ಳುವುದು ಅವರ ಗುಂಡುನಿರೋಧಕ ಕ್ಯಾಡಿಲಾಕ್ ಕಾರುಗಳನ್ನು. ಹತ್ತು ನಿಮಿಷ ಸಾಕು. ವಾಕ್‌ಸ್ವಾತಂತ್ರ್ಯದ ಪ್ರದರ್ಶನಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ.

ಹಳೆಯ ಪ್ರವಾಸ ಕೈಪಿಡಿ ನಂಬಿ ಬಂದವರು ನಿರಾಶರಾಗುವುದು ಕಾವಲು ಪಡೆಯ ವಿಷಯದಲ್ಲಿ. 2024ರ ಜುಲೈ 15ರಿಂದ ಅವರು ಮೂರ್ತಿಯ ಮುಂದೆ ನಿಲ್ಲುವುದಿಲ್ಲ. ಗಂಟೆಗೊಮ್ಮೆ ಹೊರಗಿನ ದಾರಿಯಲ್ಲಿ ಕವಾಯತು ನಡೆಯುತ್ತದೆ, ಮಳೆ ಬಂದರೆ ಅದೂ ಇಲ್ಲ. ಹೆಬ್ಬಾಗಿಲ ಮೇಲಿರುವ ‘ಸ್ವಾತಂತ್ರ್ಯ ಚೌಕ’ ಎಂಬ ಬರಹ 2007ರದ್ದು. ಆಗ ಭವನದ ಹೆಸರನ್ನೂ ಬದಲಿಸಿದ್ದರು. 2009ರಲ್ಲಿ ಹಳೆಯ ಹೆಸರು ಮರಳಿತು, ಬಾಗಿಲಿನ ಬರಹ ಹಾಗೇ ಉಳಿಯಿತು.

ನಿಜವಾದ ಲೆಕ್ಕ ಸಿಗುವುದು ತಾವೊಯುವಾನ್‌ನ ದಾಶಿಯಲ್ಲಿರುವ ತ್ಸಿಹು ಶಿಲ್ಪೋದ್ಯಾನದಲ್ಲಿ. ರೈಲಿನಲ್ಲಿ ಝೊಂಗ್ಲಿಗೆ ಹೋಗಿ ಅಲ್ಲಿಂದ ಬಸ್ ಹಿಡಿಯಿರಿ. ಇಡೀ ದಿನ ಬೇಕು. ಶಾಲೆ, ಪಾರ್ಕು, ಸೇನಾ ಶಿಬಿರಗಳಿಂದ ಕಿತ್ತ ಚಿಯಾಂಗ್ ಮೂರ್ತಿಗಳಲ್ಲಿ ಹಲವನ್ನು ಇಲ್ಲಿ ತಂದಿಟ್ಟಿದ್ದಾರೆ: ಟೋಪಿ ಕೈಯಲ್ಲಿ ಹಿಡಿದವು, ಕುದುರೆ ಏರಿದವು, ಬರೀ ಎದೆಮಟ್ಟದವು. ಅದೇ ನಗು ಸಾಲುಸಾಲಾಗಿ ಕಂಡಾಗ ಅಚ್ಚಿನಲ್ಲಿ ಹೊಯ್ದದ್ದು ಗೊತ್ತಾಗುತ್ತದೆ. ಕಾವೊಸ್ಯುಂಗ್‌ನಿಂದ 2007ರಲ್ಲಿ ಚೂರುಮಾಡಿ ತೆಗೆದ ದೊಡ್ಡ ಮೂರ್ತಿಯನ್ನು ಕಲಾವಿದರೊಬ್ಬರು ಬೇಕೆಂದೇ ಬಿರುಕು ಬಿಟ್ಟು ಜೋಡಿಸಿದ್ದಾರೆ. ಅದರ ಮುಂದೆ ಸ್ವಲ್ಪ ಹೊತ್ತು ಕೂರಿ.

ಪಕ್ಕದಲ್ಲೇ ಅವರ ಶವಪೆಟ್ಟಿಗೆ. ಚೀನಾದ ಹುಟ್ಟೂರಿನಲ್ಲಿ ಹೂಳುವ ಆಸೆಯಿಂದ ಅದನ್ನು ಇನ್ನೂ ಮಣ್ಣಿಗಿಟ್ಟಿಲ್ಲ. 2018ರ ಫೆಬ್ರವರಿ 28ರಂದು ಅದರ ಮೇಲೆ ಕೆಂಪು ಬಣ್ಣ ಎರಚಿದ ನಂತರ ಆ ಕೋಣೆಯನ್ನು ಮುಚ್ಚಿದ್ದುಂಟು. ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ.

ಭವನಕ್ಕೆ ಐದರಲ್ಲಿ ಮೂರು, ಉದ್ಯಾನಕ್ಕೆ ನಾಲ್ಕೂವರೆ. ಅರ್ಧ ಅಂಕ ಕಳೆದದ್ದು ಬಸ್ಸಿಗೆ ಕಾಯಬೇಕಾದದ್ದಕ್ಕೆ.