ತರಗತಿಗೆ ಯಾವ ಚಿತ್ರಪುಸ್ತಕ: ರಟ್ಟಿನದಾ, ತೆಳು ಹಾಳೆಯದಾ, ದೊಡ್ಡದಾ?

ಮೊದಲು ಮಕ್ಕಳ ವಯಸ್ಸು ನೋಡಿ. 3 ವರ್ಷದೊಳಗಿನವರು ಪುಸ್ತಕ ನೋಡುವುದಕ್ಕಿಂತ ಕಚ್ಚುವುದೇ ಜಾಸ್ತಿ, ಅಲ್ವಾ? ಅವರಿಗೆ ದಪ್ಪ ರಟ್ಟಿನದೇ ಸರಿ, ಜೊಲ್ಲು ಬಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಆದರೆ ಪುಟ ಕಡಿಮೆ, ಕಥೆ ಶುರುವಾಗುವಷ್ಟರಲ್ಲಿ ಮುಗಿದಿರುತ್ತದೆ.

4-5 ವರ್ಷದವರಿಗೆ ಕಥೆ ಬೇಕು. ತೆಳು ಹಾಳೆಯ ಪುಸ್ತಕದಲ್ಲಿ ಸಾಮಾನ್ಯವಾಗಿ 32 ಪುಟ ಇರುತ್ತದೆ, ಬೆಲೆಯೂ ಹಗುರ. ಪಿನ್ ಹೊಡೆದದ್ದಾದರೆ ನಡುವಿನ ಹಾಳೆಯೇ ಮೊದಲು ಕಿತ್ತು ಬರುತ್ತದೆ, ಅದಕ್ಕೇ ನಾನಂತೂ ಹೊಸದು ಬಂದ ದಿನವೇ ಆ ಮಡಿಕೆಗೆ ಟೇಪ್ ಅಂಟಿಸಿಬಿಡುತ್ತೇನೆ.

ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಓದುವುದಾದರೆ ದೊಡ್ಡ ಪುಸ್ತಕ ತನ್ನಿ. ಹಿಂದೆ ಕೂತವರಿಗೂ ಅಕ್ಷರ ಕಾಣುತ್ತದೆ, ಬೆರಳಿಟ್ಟು ತೋರಿಸಬಹುದು. ದುಬಾರಿ, ಒಂದೆರಡು ಸಾಕು. ಮಗು ಮೂಲೆಯಲ್ಲಿ ಕೂತು ತಾನೇ ಪುಟ ತಿರುವಿಹಾಕಲು ಮಾತ್ರ ಅದು ಆಗಿಬರುವುದಿಲ್ಲ.