ಝೀನ್: ಕಾಗದವೋ, ಇನ್‌ಸ್ಟಾಗ್ರಾಮೋ?

ಕಾಲೇಜಿನ ಗೆಳತಿಯರು ಸೇರಿ ಸ್ತ್ರೀವಾದಿ ಝೀನ್, ಅಂದರೆ ನೀವೇ ಬರೆದು ಹಂಚುವ ಪುಟ್ಟ ಪತ್ರಿಕೆ, ಮಾಡಬೇಕು ಅಂತಿದ್ದೀರಾ? ನನ್ನ ಓಟು ಕಾಗದಕ್ಕೆ. ಒಂದು ಎ4 ಹಾಳೆ ಮಡಚಿ, ನಡುವೆ ಒಮ್ಮೆ ಕತ್ತರಿಸಿದರೆ 8 ಪುಟ ಸಿದ್ಧ. ಉಳಿದದ್ದು ಜೆರಾಕ್ಸ್ ಅಂಗಡಿಯ ಕೆಲಸ. 1990ರ ದಶಕದಲ್ಲಿ ಅಮೆರಿಕದ ರಯಟ್ ಗರ್ಲ್ ಎಂಬ ಸ್ತ್ರೀವಾದಿ ಸಂಗೀತ ಚಳವಳಿಯ ಹುಡುಗಿಯರು ಹೀಗೇ ಕೈಯಿಂದ ಕೈಗೆ ಹಂಚಿದರು. ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನ ಲೈಬ್ರರಿ ಇಂಥ ಝೀನ್‌ಗಳನ್ನು ಜೋಪಾನವಾಗಿ ಇಟ್ಟಿದೆ. ಮುಟ್ಟು, ಬಸ್ಸಿನ ಕಿರುಕುಳ, ಮನೆಯಲ್ಲಿ ಹೇಳಲಾಗದ ಸಿಟ್ಟು, ಎಲ್ಲವನ್ನೂ ಹೆಸರು ಹಾಕದೆ ಬರೆಯಬಹುದು. ಕೆಳಗೆ ಬೈಗುಳದ ಕಾಮೆಂಟ್ ಬರುವುದಿಲ್ಲ. ಅದು ಸಣ್ಣ ಮಾತಲ್ಲ, ಅಲ್ವಾ?

ಜಾಸ್ತಿ ಜನ ಬೇಕಿದ್ದರೆ ಇನ್‌ಸ್ಟಾಗ್ರಾಮ್ ಸರಿ. ಖರ್ಚಿಲ್ಲದೆ ದೂರದ ಊರಿಗೂ ತಲುಪುತ್ತದೆ. ಚಿತ್ರಕ್ಕೆ ವಿವರಣೆ ಬರೆದರೆ ಕಣ್ಣು ಕಾಣದ ಗೆಳತಿಗೆ ಫೋನೇ ಓದಿ ಹೇಳುತ್ತದೆ.